ಮಗುವಿಗೆ ತಿಳಿಯದೆಂಬ ನಂಬಿಕೆ

ಪುತ್ತೂರು ಪೇಟೆಯಲ್ಲಿ ಮೂರೂವರೆ ದಶಕ ಅಡಿಕೆ ವ್ಯಾಪಾರ ಮಾಡಿದ ಹಿರಿಯ ಶ್ರಾವಕರೊಬ್ಬರ ಮೊಮ್ಮಗಳಿಗೆ ಒಂಬತ್ತನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಎಂದು ನಿರ್ಣಯವಾಯಿತು. ತಂದೆಯ ಮನೆ ಕಡಬದಲ್ಲಿ. ತಾಯಿ ಮಗಳನ್ನು ಕರೆದುಕೊಂಡು ಬೆಂಗಳೂರಿಗೆ ಹೋದರು. ಆರು ವರ್ಷದ ತಮ್ಮನನ್ನು ಸುಳ್ಯದ ಸೋದರತ್ತೆಯ ಮನೆಗೆ ಕಳುಹಿಸಲಾಯಿತು. ರೋಗದ ಹೆಸರನ್ನು ಮಕ್ಕಳ ಎದುರು ಯಾರೂ ಉಚ್ಚರಿಸಕೂಡದು, "ರಕ್ತ ಕಡಿಮೆಯಾಗಿದೆ" ಎಂದಷ್ಟೇ ಹೇಳತಕ್ಕದ್ದು ಎಂದು ಮನೆಮಂದಿಯೆಲ್ಲ ನಿಶ್ಚಯಿಸಿದರು.

ಇದರಲ್ಲಿ ಕಪಟವಿರಲಿಲ್ಲ, ಕರುಣೆಯೇ ಇತ್ತು. ಶಾಸ್ತ್ರದ ಆಧಾರವೂ ಇತ್ತೆನ್ನಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತವನ್ನು ವಿವರಿಸುವಾಗ, ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ನುಡಿಯಬಾರದೆಂದಿದ್ದಾರೆ. ಆದರೆ ಇಲ್ಲಿ ವಿಪತ್ತು ನುಡಿಯಿಂದ ಬರುವುದೋ ಮೌನದಿಂದ ಬರುವುದೋ ಎಂಬುದನ್ನು ಆ ಮನೆಯಲ್ಲಿ ಯಾರೂ ವಿಚಾರಿಸಲಿಲ್ಲ.

ಅದನ್ನು ವಿಚಾರಿಸಿದವರು ಬೇರೆಡೆ ಇದ್ದರು. ಅಮೆರಿಕದ ಯುಜೀನಿಯಾ ವೆಕ್ಟರ್ ಎಂಬ ಶುಶ್ರೂಷಾ ವಿದುಷಿ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರರಿಂದ ಹತ್ತು ವರ್ಷದ 64 ಮಕ್ಕಳಿಗೆ ಕೆಲವು ಚಿತ್ರಗಳನ್ನು ತೋರಿಸಿ ಕಥೆ ಹೇಳಿಸಿದರು. ಅವರಲ್ಲಿ 16 ಮಕ್ಕಳಿಗೆ ಮಾರಕ ರೋಗವಿತ್ತು. ಸಾವಿನ ಕುರಿತು ತಂದೆತಾಯಿಯೊಡನೆ ಮಾತಾಡಿದ್ದವರು ಆ 16ರಲ್ಲಿ ಇಬ್ಬರು ಮಾತ್ರ. ಆದರೂ ಅವರ ಕಥೆಗಳಲ್ಲಿ ಸಾವು ಮರಳಿ ಮರಳಿ ಬಂತು. ಅವರ ಕಳವಳವು ಆಸ್ಪತ್ರೆಯಲ್ಲಿದ್ದ ಇತರ ಮಕ್ಕಳಿಗಿಂತ ಸುಮಾರು ಇಮ್ಮಡಿಯಾಗಿತ್ತು.

ಕಡಬದ ಮಗು ಚಿಕಿತ್ಸೆಯ ನಡುವೆ ಕೆಲವು ದಿನಗಳ ಮಟ್ಟಿಗೆ ಊರಿಗೆ ಬಂದಿತು. ತಲೆಗೂದಲು ಉದುರಿತ್ತು, ಔಷಧದಿಂದ ಮುಖ ಊದಿತ್ತು. ನೋಡಲು ಬಂದವರು ಕಿತ್ತಳೆ ಹಣ್ಣು ತಂದರು. ಜಗಲಿಯಲ್ಲಿ ಕುಳಿತು, "ಪೂರ್ವಜನ್ಮದ ಕರ್ಮ, ಅನುಭವಿಸಲೇಬೇಕು" ಎಂದೂ ಹೇಳಿಹೋದರು. ರಾತ್ರಿ ಮಗು ಕೇಳಿತು: "ಅಜ್ಜ, ನಾನು ಏನು ಮಾಡಿದ್ದೆ?"

ಕರ್ಮಸಿದ್ಧಾಂತವಿರುವುದು ತನ್ನ ನಡೆಯನ್ನು ತಾನು ನೋಡಿಕೊಳ್ಳುವುದಕ್ಕೆ. ಪರರ ಮಗುವಿನ ಖಾತೆಯಲ್ಲಿ ಖರ್ಚು ಬರೆಯುವ ಅಧಿಕಾರವನ್ನು ಅದು ಯಾವ ಶ್ರಾವಕನಿಗೂ ಕೊಟ್ಟಿಲ್ಲ. ಸಾಂತ್ವನದ ಹೆಸರಿನಲ್ಲಿ ನಮ್ಮ ಸಮಾಜದಲ್ಲಿ ನಡೆಯುವ ಈ ಹಿಂಸೆಗೆ ಇನ್ನೂ ಯಾರೂ ಪ್ರಾಯಶ್ಚಿತ್ತ ಕೇಳಿದಂತಿಲ್ಲ.

ಅಜ್ಜನಿಗೆ ತಡೆದುಕೊಳ್ಳಲಾಗಲಿಲ್ಲ. "ನೀನು ಏನೂ ಮಾಡಿಲ್ಲ ಮಗಾ. ಇದು ಒಂದು ಕಾಯಿಲೆ. ಇದಕ್ಕೆ ಕ್ಯಾನ್ಸರ್ ಎನ್ನುತ್ತಾರೆ."

"ಗೊತ್ತು ಅಜ್ಜ. ಆಸ್ಪತ್ರೆಯ ಬೋರ್ಡಿನಲ್ಲಿಯೇ ಬರೆದಿದೆ. ಹೇಳಿದರೆ ಅಮ್ಮ ಅಳುತ್ತಾಳೆಂದು ಸುಮ್ಮನಿದ್ದೆ."

ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ 1978ರ ತಮ್ಮ ಗ್ರಂಥದಲ್ಲಿ ವರ್ಣಿಸಿದ್ದು ಇದನ್ನೇ. ರಕ್ತದ ಕ್ಯಾನ್ಸರಿನ ಮಕ್ಕಳು ಔಷಧಗಳ ಹೆಸರನ್ನೂ, ಯಾರು ಮತ್ತೆ ಬರಲಿಲ್ಲವೆಂಬುದನ್ನೂ ಒಬ್ಬರಿಂದೊಬ್ಬರು ತಿಳಿದುಕೊಳ್ಳುತ್ತಾರೆ. ಹಿರಿಯರು ತಮ್ಮನ್ನು ಬಿಟ್ಟುಹೋಗದಿರಲೆಂದು ಏನೂ ಅರಿಯದವರಂತೆ ನಟಿಸುತ್ತಾರೆ. ಹಿರಿಯರೂ ನಟಿಸುತ್ತಾರೆ. ಒಂದೇ ಕೋಣೆಯಲ್ಲಿದ್ದೂ ಎಲ್ಲರೂ ಒಂಟಿಗಳು.

ಸ್ವೀಡನ್ ದೇಶದಲ್ಲಿ ಕ್ಯಾನ್ಸರಿನಿಂದ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳನ್ನು ಕುರಿತ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಮಗುವಿನೊಡನೆ ಸಾವಿನ ಬಗ್ಗೆ ಮಾತಾಡಿದ್ದ 147 ಮಂದಿಯಲ್ಲಿ ಒಬ್ಬರೂ ಪಶ್ಚಾತ್ತಾಪಪಡಲಿಲ್ಲ. ಮಾತಾಡದಿದ್ದ 258 ಮಂದಿಯಲ್ಲಿ 69 ಮಂದಿಗೆ ಮಾತಾಡಬೇಕಿತ್ತೆಂಬ ಕೊರಗು ಉಳಿದಿತ್ತು. ಎಲ್ಲ ಮಕ್ಕಳಿಗೂ ಎಲ್ಲವನ್ನೂ ಹೇಳಬೇಕೆಂದು ಇದರ ಅರ್ಥವಲ್ಲ. ಮಗು ಕೇಳಿದಾಗ ಸುಳ್ಳು ಹೇಳಬಾರದು, ಅಷ್ಟೆ. ಅಲ್ಲದೆ ಈ ಮಗುವಿನ ರೋಗ ಇಂದು ಬಹುಮಟ್ಟಿಗೆ ಗುಣವಾಗತಕ್ಕದ್ದು. ಎರಡು ವರ್ಷಕ್ಕೂ ಮೀರಿದ ಚಿಕಿತ್ಸೆಯನ್ನು ಅದು ತಿಳಿದೇ ಸಹಿಸುವುದು ಲೇಸು.

ಬಸದಿಗಳ ಟ್ರಸ್ಟುಗಳು ಇಂಥ ಕುಟುಂಬಗಳಿಗೆ ಔಷಧದ ಖರ್ಚು ಕೊಡುವುದು ಶ್ಲಾಘ್ಯ. ಒಡಹುಟ್ಟಿದವರ ರೈಲು ಟಿಕೇಟಿಗೂ ಸ್ವಲ್ಪ ತೆಗೆದಿಡಬಹುದು. ಮನೆಯಲ್ಲಿ ಉಳಿದ ಮಕ್ಕಳು ರೋಗಕ್ಕೆ ತಾವೇ ಕಾರಣರೆಂದು ಒಳಗೊಳಗೇ ಬೇಯುವುದನ್ನು ಈ ಕ್ಷೇತ್ರದ ಸಂಶೋಧಕರು ಅನೇಕ ಕಡೆ ಕಂಡಿದ್ದಾರೆ. ಸುಳ್ಯದಲ್ಲಿದ್ದ ಹುಡುಗ ರಾತ್ರಿ ಊಟ ಬಿಡತೊಡಗಿದಾಗ ಅತ್ತೆ ಮೆಲ್ಲನೆ ಕೇಳಿದರು. ಮಳೆಗಾಲದಲ್ಲಿ ಅಕ್ಕನನ್ನು ಅಂಗಳದ ಪಾಚಿಯ ಮೇಲೆ ದೂಡಿದ್ದನಂತೆ. ಅಂದಿನಿಂದಲೇ ರಕ್ತ ಕಡಿಮೆಯಾಯಿತೆಂದು ನಂಬಿದ್ದನಂತೆ.

ಅಜ್ಜ ಅವನನ್ನು ಕಬಕ ಪುತ್ತೂರು ನಿಲ್ದಾಣದಿಂದ ರೈಲಿನಲ್ಲಿ ಬೆಂಗಳೂರಿಗೆ ಕರೆದೊಯ್ದರು. ಆಸ್ಪತ್ರೆಯ ಸಮೀಪದ ಬಾಡಿಗೆ ಕೋಣೆಯಲ್ಲಿ ಅಕ್ಕತಮ್ಮಂದಿರು ಭೇಟಿಯಾದರು. ಹುಡುಗ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದು, "ನಾನು ದೂಡಿದ್ದರಿಂದ ಅಲ್ಲವಂತೆ" ಎಂದ.

"ಅಲ್ಲ," ಎಂದಿತು ಮಗು. "ಆದರೆ ದೂಡಿದ್ದು ನೀನೇ."