ಪೆಟ್ಟಿಗೆ ಹೋಯ್ತು, ಬೀಗ ಉಳೀತು

ಮೊನ್ನೆ ಭಾನುವಾರ ಬೆಳಿಗ್ಗೆ ಕಾಫಿ ಕುಡೀತಾ ಕೂತಿದ್ದೆ. ಮೊಬೈಲಿಗೊಂದು ಸಂದೇಶ ಬಂತು: ನಿಮ್ಮ ಜಾಗ ತುಂಬಿದೆ, ಇನ್ನಷ್ಟು ಬೇಕಿದ್ದರೆ ದುಡ್ಡು ಕಟ್ಟಿ. ಹದಿನೈದು ವರ್ಷದ ಪತ್ರಗಳು, ತೀರಿಕೊಂಡ ಅಪ್ಪನ ಫೋಟೋಗಳು ಎಲ್ಲಾ ಅಲ್ಲೇ ಇವೆ. ತೆಪ್ಪಗೆ ಕಟ್ಟಿದೆ. ಆಮೇಲೆ ನಗು ಬಂತು. ಯಾಕಂದ್ರೆ, ಇನ್ನು ಮೇಲೆ ಯಾವ ಕಂಪನಿಯೂ ನಮ್ಮನ್ನು ಕಟ್ಟಿಹಾಕೋಕೆ ಆಗಲ್ಲ ಅಂತ 2006ರಲ್ಲಿ ಗೆಳೆಯನ ಜೊತೆ ವಾದ ಮಾಡಿದವನು ನಾನೇ!

ಆಗ ಹಾಗನ್ನಿಸಿದ್ದಕ್ಕೆ ಕಾರಣ ಇತ್ತು. ಅಲ್ಲಿಯವರೆಗೆ ಕಂಪ್ಯೂಟರ್ ಅಂದ್ರೆ ಮೇಜಿನ ಮೇಲಿನ ಪೆಟ್ಟಿಗೆ, ಪೆಟ್ಟಿಗೆ ಅಂದ್ರೆ ವಿಂಡೋಸ್. ಜನ ಇರುವ ಕಡೆಗೇ ತಂತ್ರಾಂಶ ಬರೀತಾರೆ, ತಂತ್ರಾಂಶ ಇರುವ ಕಡೆಗೇ ಜನ ಬರ್ತಾರೆ. ಈ ಚಕ್ರದೊಳಗೆ ಹೊಸಬರು ನುಗ್ಗೋದು ಹೇಗೆ?

ನೆಟ್‌ವರ್ಕೇ ಕಂಪ್ಯೂಟರ್ ಅಂತ ಸನ್ ಕಂಪನಿಯ ಜಾನ್ ಗೇಜ್ 1984ರಲ್ಲೇ ಹೇಳಿದ್ದರು. ಹತ್ತು ವರ್ಷದ ನಂತರ ನೆಟ್‌ಸ್ಕೇಪ್ ಬ್ರೌಸರ್ ಬಂದಾಗ ಆ ಮಾತಿಗೆ ಜೀವ ಬಂತು. ಕೆಲಸವೆಲ್ಲ ಬ್ರೌಸರ್‌ನಲ್ಲೇ ಆಗುವುದಾದರೆ ಕೆಳಗೆ ವಿಂಡೋಸ್ ಇದ್ದರೇನು, ಬಿಟ್ಟರೇನು? ಬಿಲ್ ಗೇಟ್ಸ್‌ಗೆ ಇದು ಬೇಗ ಹೊಳೆಯಿತು. 1995ರ ಮೇ ತಿಂಗಳಲ್ಲಿ ಇಂಟರ್‌ನೆಟ್ಟನ್ನು ದೊಡ್ಡ ಅಲೆಗೆ ಹೋಲಿಸಿ ತಮ್ಮವರಿಗೆ ಪತ್ರ ಬರೆದರು. ವಿಂಡೋಸ್ ಜೊತೆ ಬ್ರೌಸರ್ ಪುಕ್ಕಟೆ ಬಂತು. 1998ರಲ್ಲಿ ಅಮೆರಿಕ ಸರ್ಕಾರ ಕೇಸು ಹಾಕಿತು ನಿಜ, ಆದರೆ ಅದೇ ವರ್ಷದ ಕೊನೆಗೆ ನೆಟ್‌ಸ್ಕೇಪ್ ತನ್ನನ್ನು ಎಒಎಲ್‌ಗೆ ಮಾರಿಕೊಳ್ಳಲು ಒಪ್ಪಿತು. ಮೊದಲ ಸುತ್ತು ಪೆಟ್ಟಿಗೆಯದು.

ಎರಡನೇ ಸುತ್ತು 2004ರ ಏಪ್ರಿಲ್ 1ರಂದು. ಹಾಟ್‌ಮೇಲ್ 2 ಎಂಬಿ ಕೊಡುತ್ತಿದ್ದಾಗ ಜಿಮೇಲ್ 1 ಜಿಬಿ ಕೊಡ್ತೀನಿ ಅಂತು. ಏಪ್ರಿಲ್ ಫೂಲ್ ಅಂದುಕೊಂಡವರೇ ಬಹಳ :-) 2006ರಲ್ಲಿ, ಪುಸ್ತಕ ಮಾರಿ ಬೆಳೆದ ಅಮೆಜಾನ್ ಕಂಪ್ಯೂಟರುಗಳನ್ನು ಗಂಟೆಗಿಷ್ಟು ಅಂತ ಬಾಡಿಗೆಗೆ ಕೊಡಲು ಶುರುಮಾಡಿತು. ಇಬ್ಬರು ಹುಡುಗರು ಒಂದೂ ಸರ್ವರ್ ಕೊಳ್ಳದೇ ಕಂಪನಿ ತೆರೆಯಬಹುದು! ನನ್ನ ವಾದ ಹುಟ್ಟಿದ್ದೇ ಇಲ್ಲಿ.

ಬಾಗಿಲು ತೆರೆದದ್ದು ಸುಳ್ಳಲ್ಲ. ಆದರೆ ಮನೆ ಯಾರದ್ದು? ನೆಟ್‌ಫ್ಲಿಕ್ಸ್ ಅಮೆಜಾನ್‌ನ ವಿಡಿಯೋ ಸೇವೆಯ ಎದುರಾಳಿ, ಅಮೆಜಾನ್‌ನ ಯಂತ್ರಗಳಿಗೆ ಬಾಡಿಗೆದಾರನೂ ಹೌದು. ಮೈಕ್ರೋಸಾಫ್ಟ್ ಕೂಡ ಪೆಟ್ಟಿಗೆ ಬಿಟ್ಟು ಇದೇ ದಾರಿ ಹಿಡಿಯಿತು. 2014ರಲ್ಲಿ ಅದರ ಚುಕ್ಕಾಣಿ ಹಿಡಿದ ಸತ್ಯ ನಾಡೆಲ್ಲ ಅದಕ್ಕೆ ಮುಂಚೆ ಕ್ಲೌಡ್ ವಿಭಾಗವನ್ನೇ ನೋಡಿಕೊಳ್ಳುತ್ತಿದ್ದವರು. ಮಾತು ಮೊದಲು ಆಡಿದ ಸನ್ ಮಾತ್ರ 2010ರಲ್ಲಿ ಒರಾಕಲ್ ಪಾಲಾಯಿತು.

ನಾನು ಎಡವಿದ್ದು ಎಲ್ಲಿ ಅಂತ ಈಗ ಗೊತ್ತಾಗ್ತಿದೆ. ಹಿಂದೆ ಬೀಗ ಇದ್ದದ್ದು ತಂತ್ರಾಂಶಕ್ಕೆ, ಈಗ ಇರೋದು ನಮ್ಮ ಗಂಟಿಗೆ. ಗಂಟು ಹೊತ್ತುಕೊಂಡು ಪಕ್ಕದ ಮನೆಗೆ ಹೋಗುವಂತಿದ್ದರೆ ಮಾತ್ರ ಸ್ಪರ್ಧೆ. ನಮ್ಮಲ್ಲಿ 2011ರಲ್ಲಿ ಮೊಬೈಲ್ ನಂಬರ್ ಉಳಿಸಿಕೊಂಡೇ ಕಂಪನಿ ಬದಲಾಯಿಸೋ ಸೌಲಭ್ಯ ಬಂತಲ್ಲ, ಹಾಗೆ. ಯುರೋಪಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಅನ್ವಯವಾದ ಡೇಟಾ ಕಾಯ್ದೆ, ಕ್ಲೌಡ್ ಕಂಪನಿ ಬದಲಾಯಿಸೋದನ್ನು ಸುಲಭ ಮಾಡಬೇಕು ಅನ್ನುತ್ತೆ.

ಸದ್ಯಕ್ಕೆ ಒಂದು ಹಾರ್ಡ್ ಡಿಸ್ಕ್ ತಂದು ಅಪ್ಪನ ಫೋಟೋಗಳನ್ನು ಇಳಿಸಿಕೊಳ್ತಾ ಇದ್ದೀನಿ. ಮತ್ತೆ ಪೆಟ್ಟಿಗೆಗೇ ಬಂದ ಹಾಗಾಯ್ತು! ನಿಮ್ಮ ಗಂಟು ಎಲ್ಲಿದೆ, ಒಮ್ಮೆ ನೋಡ್ಕೊಳ್ಳಿ.