ತಿದ್ದುವವನಿಗೂ ತಿದ್ದುಪಡಿ



ಜೇವರ್ಗಿಯ ನಮ್ಮ ಮನೆಗೆ ಬಂದವರು ಪಡಸಾಲೆಯ ಮೂಲೆಯಲ್ಲಿರುವ ಮೇಜನ್ನು ಕಂಡು ಮುಗುಳ್ನಗುವುದು ವಾಡಿಕೆಯಾಗಿದೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಬೋಧಿಸಿದವನು ಅರವತ್ತು ದಾಟಿದ ಮೇಲೆ ಅಂಗೈಯಗಲದ ಪ್ಲಾಸ್ಟಿಕ್ ವಿಮಾನಗಳ ಮುಂದೆ ಕುಳಿತಿರುವುದು ಯಾರಿಗಾದರೂ ವಿಚಿತ್ರವೇ. "ಸರ್, ಇದು ಹುಡುಗರ ಆಟ ಅಲ್ಲೇನ್ರಿ?" ಎಂದು ಹಳೆಯ ವಿದ್ಯಾರ್ಥಿಯೊಬ್ಬ ಕೇಳಿಯೇ ಬಿಟ್ಟ. ಆಟವೇ ಹೌದು. ಆದರೆ ಬಿ.ಎಡ್. ತರಗತಿಯಲ್ಲಿ ನಾನು ಕಲಿಯದೇ ಉಳಿದ ಪಾಠವೊಂದನ್ನು ಈ ಆಟ ಕಲಿಸಿತು.

ಇದಕ್ಕೆ ಕಾರಣರಾದವರು ನಮ್ಮ ಅಕ್ಕನ ಯಜಮಾನರು. ನಾವು ಅವರನ್ನು ಮಾಮಾ ಎಂದು ಕರೆಯುತ್ತೇವೆ. 1970ರಲ್ಲಿ ವಾಯುಪಡೆಗೆ ಸೇರಿ, ಹದಿನೈದು ವರ್ಷ ವಿಮಾನಗಳ ನಿರ್ವಹಣೆಯಲ್ಲಿ ದುಡಿದು, ಊರಿಗೆ ಮರಳಿ ತೊಗರಿ ಬೆಳೆದವರು. ಅವರ ಸೇವೆಯ ಮೊದಲ ವರ್ಷಗಳೆಲ್ಲ ನ್ಯಾಟ್ ಎಂಬ ವಿಮಾನದ ಮಗ್ಗುಲಲ್ಲಿಯೇ ಕಳೆದವು.

ನ್ಯಾಟ್ ಬಹಳ ಪುಟ್ಟ ಯುದ್ಧವಿಮಾನ. ಬ್ರಿಟನ್ನಿನ ಫೋಲಂಡ್ ಸಂಸ್ಥೆಯಲ್ಲಿ ಪೆಟರ್ ಎಂಬ ಎಂಜಿನಿಯರ್ ಅದನ್ನು ರೂಪಿಸಿದರು. ಅದನ್ನು ಪರವಾನಗಿ ಪಡೆದು ತಯಾರಿಸಿದ್ದು ನಮ್ಮ ಬೆಂಗಳೂರಿನ ಎಚ್.ಎ.ಎಲ್. 1965 ಮತ್ತು 1971ರ ಯುದ್ಧಗಳಲ್ಲಿ ತನಗಿಂತ ದೊಡ್ಡದಾದ ಸೇಬರ್ ವಿಮಾನಗಳನ್ನು ಎದುರಿಸಿ ಅದು ಹೆಸರು ಗಳಿಸಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಆಕಾಶದಲ್ಲಿ ನ್ಯಾಟ್ ಹಾರಿಸುತ್ತ ವೀರಮರಣವನ್ನಪ್ಪಿದ ಫ್ಲೈಯಿಂಗ್ ಆಫೀಸರ್ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. ಇದೇ ನ್ಯಾಟನ್ನು ಸುಧಾರಿಸಿ ಎಚ್.ಎ.ಎಲ್. ರೂಪಿಸಿದ ಅಜೀತ್ ವಿಮಾನ 1991ರವರೆಗೆ ಸೇವೆಯಲ್ಲಿತ್ತು. ಮಾಮಾ ಈ ಎಲ್ಲವನ್ನೂ ಮನೆಮಂದಿಯ ಕಥೆ ಹೇಳುವಂತೆ ಹೇಳುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿರುವ ನನ್ನ ಮಗ ಹಳೆಯ ಕಿಟ್ ಒಂದನ್ನು ತಂದುಕೊಟ್ಟ. ಡಬ್ಬಿಯ ಮೇಲೆ ನ್ಯಾಟ್ ಎಂದು ಬರೆದಿತ್ತು. ಜೋಡಿಸಿ, ಬಣ್ಣ ಬಳಿದು, ಮಾಮಾ ಅವರ ಕೈಗಿಟ್ಟೆ. ಅವರ ದೃಷ್ಟಿ ಆಗಲೇ ಮಂದವಾಗಿತ್ತು. ಬೆರಳಿನಿಂದ ಮೂತಿಯಿಂದ ಬಾಲದವರೆಗೆ ನಿಧಾನವಾಗಿ ಸವರಿ, "ಮಾಸ್ತರ, ಇದು ನಮ್ಮ ನ್ಯಾಟ್ ಅಲ್ಲ. ಇದರಾಗ ಇಬ್ಬರು ಕೂಡ್ತಾರ" ಎಂದರು.

ಅವರ ಮಾತು ನಿಜವಾಗಿತ್ತು. ಆ ಕಿಟ್ ಬ್ರಿಟನ್ನಿನವರು ತರಬೇತಿಗೆ ಬಳಸುತ್ತಿದ್ದ ಎರಡು ಆಸನಗಳ ನ್ಯಾಟ್. ನಮ್ಮದು ಒಂಟಿ ಆಸನದ್ದು. 72ರಲ್ಲಿ ಒಂದು ಪಾಲು ಎಂಬ ಅಳತೆಯ ಮಾದರಿಯಲ್ಲಿ ನಿಜವಾದ ವಿಮಾನದ ಆರು ಅಡಿ ಒಂದು ಅಂಗುಲವಾಗುತ್ತದೆ. ತರಬೇತಿ ವಿಮಾನದ ರೆಕ್ಕೆಗಳ ತುದಿಯಿಂದ ತುದಿಗೆ 24 ಅಡಿ, ಅಂದರೆ ಮಾದರಿಯಲ್ಲಿ ಸರಿಯಾಗಿ ನಾಲ್ಕು ಅಂಗುಲ. ನಮ್ಮ ನ್ಯಾಟಿಗೆ ಸುಮಾರು 22 ಅಡಿ. ಉದ್ದ ಅಲ್ಲಿ 31 ಅಡಿ 9 ಅಂಗುಲ, ಇಲ್ಲಿ 28 ಅಡಿ 8 ಅಂಗುಲ. ಮಾದರಿಯಲ್ಲಿ ಅರ್ಧ ಅಂಗುಲದ ಅಂತರ!

ಇಂಥ ವ್ಯತ್ಯಾಸಗಳನ್ನು ಸರಿಪಡಿಸಲೆಂದೇ ಬಿಡಿಭಾಗ ತಯಾರಿಸುವವರು ಜಗತ್ತಿನಲ್ಲಿದ್ದಾರೆ. ಝೆಕ್ ದೇಶದ ಏರಿಸ್, ಎಡ್ವರ್ಡ್ ಮೊದಲಾದ ಸಂಸ್ಥೆಗಳಿಗೆ ಅದೇ ವೃತ್ತಿ. ಕಿಟ್ಟಿನ ಭಾಗವನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಸರಿಯಾದ ಅಳತೆಯ ರೆಸಿನ್ ಭಾಗವನ್ನು ಕೂಡಿಸುವುದು ಇದರ ಕ್ರಮ. ಒಂಟಿ ಆಸನದ ನ್ಯಾಟ್ ಕಿಟ್ಟನ್ನೇ ಕೊಂಡರಾಯಿತಲ್ಲ ಎಂದು ಮಗ ಹೇಳಿದ. ಆದರೆ ಮಾಮಾ ಅವರಿಗೆ ನಾನೇ ಮಾಡಿಕೊಡಬೇಕೆಂಬ ಹಟ ನನಗೆ ಹಿಡಿದಿತ್ತು.

ಪುಸ್ತಕವೊಂದರಲ್ಲಿದ್ದ ರೇಖಾಚಿತ್ರವನ್ನು ಅಳತೆಗೆ ಇಳಿಸಿಕೊಂಡು, ತೇಗದ ತುಂಡಿನಲ್ಲಿ ಮೂತಿಯನ್ನು ಕೆತ್ತಿ, ಎಂ-ಸೀಲ್ ಮೆತ್ತಿ, ಸ್ಯಾಂಡ್ ಪೇಪರಿನಿಂದ ಉಜ್ಜಿ ಮೂಲ ಮಾದರಿಯನ್ನು ಸಿದ್ಧಪಡಿಸಿದೆ. ಅದರ ಸುತ್ತ ಸಿಲಿಕೋನ್ ರಬ್ಬರ್ ಸುರಿದು ರಾತ್ರಿಯಿಡೀ ಬಿಟ್ಟರೆ ಅಚ್ಚು ದೊರೆಯುತ್ತದೆ. ಆ ಅಚ್ಚಿನೊಳಗೆ ಎರಡು ದ್ರವಗಳನ್ನು ಬೆರೆಸಿದ ರೆಸಿನ್ ಹೊಯ್ಯಬೇಕು. ಬೆರೆಸಿದ ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗತೊಡಗುತ್ತದೆ. ನಮ್ಮ ಕಡೆಯ ಬೇಸಿಗೆಯ ಬಿಸಿಲಿನಲ್ಲಂತೂ ಕಣ್ಣೆವೆ ಮುಚ್ಚುವುದರೊಳಗೆ ಬಿಗಿದುಕೊಳ್ಳುತ್ತಿತ್ತು, ಗಾಳಿಗುಳ್ಳೆಗಳು ಒಳಗೇ ಉಳಿಯುತ್ತಿದ್ದವು. ಕೊನೆಗೆ ನಸುಕಿನ ನಾಲ್ಕು ಗಂಟೆಗೆ ಎದ್ದು ಹೊಯ್ಯುವ ಉಪಾಯ ಕಂಡುಕೊಂಡೆ. ಒಣ ರೆಸಿನ್ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಆದ್ದರಿಂದ ಮೂಗು ಮುಚ್ಚಿಕೊಂಡು, ನೀರಿನಲ್ಲಿ ಅದ್ದಿಯೇ ಉಜ್ಜಬೇಕು. ರೆಕ್ಕೆಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬೇರೆಯಾಗಿ ಕತ್ತರಿಸಿ ಮಾಡಿದೆ. ಹನ್ನೊಂದನೆಯ ಎರಕ ಚೆನ್ನಾಗಿ ಬಂತು. ಉತ್ಸಾಹದಲ್ಲಿ ಇನ್ನೂ ಐದು ಪ್ರತಿ ತೆಗೆದು, ಮಗನ ಮೂಲಕ ಪರಿಚಯವಾಗಿದ್ದ ಐವರು ಹವ್ಯಾಸಿಗಳಿಗೆ ಅಂಚೆಯಲ್ಲಿ ಕಳುಹಿಸಿಯೂ ಬಿಟ್ಟೆ.

ನಂತರ ಮಾಮಾ ಅವರ ಕೈಗೆ ಕೊಟ್ಟೆ. ಬೆರಳು ಮೂತಿಯ ಮೇಲೆ ಸರಿದು, ಒಂದು ಕಡೆ ನಿಂತಿತು.

"ಮುಂದಿನ ಗಾಜು ಇಲ್ಲಿರಲಿಲ್ಲ ಮಾಸ್ತರ. ಪೈಲಟ್‌ಗೆ ಪಟ್ಟಿ ಕಟ್ಟಾಕ ಎಡಕ್ಕ ನಿಂತರ, ಎಡಗೈ ಗಾಜಿನ ಚೌಕಟ್ಟಿಗೆ, ಬಲಗೈ ಗಾಳಿಬಾಯಿ ಅಂಚಿಗೆ ಆರಾಮ ಮುಟ್ತಿತ್ತು. ನಿನ್ನ ವಿಮಾನದಾಗ ನಾ ಕೈ ಚಾಚಬೇಕಾಗ್ತದ."

"ಇಲ್ರಿ ಮಾಮಾ, ಪುಸ್ತಕದಾಗ ಹಿಂಗೇ ಅದ. ಐವತ್ತು ವರ್ಷದ ಹಿಂದಿನ ಮಾತು, ನಿಮಗ ನೆನಪಿರಲಿಕ್ಕಿಲ್ಲ" ಎಂದೆ.

ಅವರು ಮರುಮಾತಾಡಲಿಲ್ಲ. ಮಾದರಿಯನ್ನು ಮೇಜಿನ ಮೇಲಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದರು. "ಕಣ್ಣು ಹೋಯ್ತು, ಉಳಿದಿರೋದು ಅದೊಂದು ನೆನಪು. ಅದನ್ನೂ ಇಲ್ಲ ಅಂದ್ರ ಹೆಂಗೋ ತಮ್ಮಾ?" ಎಂದು ಅಕ್ಕ ಮೆಲ್ಲನೆ ಕೇಳಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಅವರನ್ನು ಗೋಡೆಯ ಮುಂದೆ ನಿಲ್ಲಿಸಿ, ಅಂದು ವಿಮಾನದ ಪಕ್ಕ ನಿಲ್ಲುತ್ತಿದ್ದಂತೆ ಕೈಗಳನ್ನು ಇಡಲು ಕೇಳಿಕೊಂಡೆ. ಕ್ಷಣವೂ ತಡಮಾಡದೆ ಎರಡೂ ಕೈಗಳನ್ನು ಗೋಡೆಗೆ ಒತ್ತಿದರು. ಸೀಮೆಸುಣ್ಣದಿಂದ ಎರಡು ಗುರುತು ಹಾಕಿ ಅಳೆದೆ. ಪುಸ್ತಕದ ಚಿತ್ರದ ಪ್ರಕಾರ ಇರಬೇಕಾದದ್ದಕ್ಕಿಂತ ಸುಮಾರು ಹನ್ನೊಂದು ಸೆಂಟಿಮೀಟರ್ ಕಡಿಮೆ! ಮಾದರಿಯಲ್ಲಿ ಅದು ಒಂದೂವರೆ ಮಿಲಿಮೀಟರ್. ಆದರೂ ಅಚ್ಚಾದ ಗೆರೆಯನ್ನು ಸಂಶಯಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಎರಡು ತಿಂಗಳ ನಂತರ ಬೆಂಗಳೂರಿಗೆ ಹೋದಾಗ ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ಭೇಟಿಯಿತ್ತೆ. 2001ರಲ್ಲಿ ಆರಂಭವಾದ ಈ ಸಂಗ್ರಹಾಲಯದಲ್ಲಿ ನ್ಯಾಟಿನ ಮುಂದಿನ ಪೀಳಿಗೆಯ ಅಜೀತ್ ನಿಂತಿದೆ. ಮಗ ಮೀಟರ್ ಪಟ್ಟಿಯನ್ನು ಅದರ ಪಕ್ಕ ಹಿಡಿದ. ದೂರದಲ್ಲಿ ನಿಂತು ನೇರ ಪಾರ್ಶ್ವದಿಂದ ಚಿತ್ರ ತೆಗೆದೆ. ಹತ್ತಿರದಿಂದ ತೆಗೆದರೆ ಅಳತೆ ಮೋಸ ಮಾಡುತ್ತದೆ ಎಂಬುದು ವಿಜ್ಞಾನ ಓದಿದವರಿಗೆ ಗೊತ್ತು. ಮನೆಗೆ ಬಂದು ಲೆಕ್ಕ ಹಾಕಿದೆ. ಗೋಡೆಯ ಗುರುತಿಗೂ ಚಿತ್ರಕ್ಕೂ ಒಂದು ಬೆರಳಿನಷ್ಟೂ ಅಂತರವಿರಲಿಲ್ಲ. ತಪ್ಪಿದ್ದು ಪುಸ್ತಕದ ಗೆರೆ, ಮತ್ತು ಅದನ್ನು ನಂಬಿದ ನಾನು.

ಹೊಸದಾಗಿ ಮೂಲ ಮಾದರಿ ಕೆತ್ತಿ, ಹೊಸ ಅಚ್ಚು ತೆಗೆದೆ. ಆ ಐವರಿಗೂ "ನಾನು ಕಳುಹಿಸಿದ ತಿದ್ದುಪಡಿಯಲ್ಲಿಯೇ ತಪ್ಪಿದೆ, ದಯವಿಟ್ಟು ಇದನ್ನು ಬಳಸಿ" ಎಂದು ಪತ್ರ ಬರೆದು ಬೇರೆ ಭಾಗ ಕಳುಹಿಸಿದೆ. ಬರೆಯುವಾಗ ಕೈ ನಡುಗಲಿಲ್ಲ ಎಂದರೆ ಸುಳ್ಳಾದೀತು. ಸಾವಿರಾರು ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿ ಹರಿಸಿದ ಕೈ ಅದು.

ಆಗ ಹುಡುಗನೊಬ್ಬ ನೆನಪಾದ. ತೊಂಬತ್ತರ ದಶಕದಲ್ಲಿ, ಹತ್ತನೆಯ ತರಗತಿಯ ಗಣಿತ ಪರೀಕ್ಷೆಯಲ್ಲಿ ಅವನ ಉತ್ತರ ಪುಸ್ತಕದ ಹಿಂಬದಿಯ ಉತ್ತರಕ್ಕೆ ತಾಳೆಯಾಗಲಿಲ್ಲವೆಂದು ಎರಡು ಅಂಕ ಕಳೆದಿದ್ದೆ. "ಸರ್, ಇನ್ನೊಮ್ಮೆ ನೋಡ್ರಿ" ಎಂದು ಅವನು ಅಂಗಲಾಚಿದ್ದ. ನಾನು ನೋಡಲಿಲ್ಲ. ಮರುವರ್ಷ ಅದೇ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬಿಡಿಸುವಾಗ ಪುಸ್ತಕದ್ದು ಮುದ್ರಣದೋಷವೆಂದು ತಿಳಿಯಿತು. ಅಷ್ಟರಲ್ಲಿ ಅವನು ಶಾಲೆ ಬಿಟ್ಟಾಗಿತ್ತು. ಆ ಮಾತನ್ನು ನಾನು ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ.

ತಿದ್ದುವವನು ತಪ್ಪನ್ನು ತೋರಿಸಿದರಷ್ಟೇ ಸಾಲದು, ತನ್ನ ಅಳತೆಗೋಲನ್ನೂ ಅಳೆದು ನೋಡಬೇಕು. ಇಷ್ಟು ಸಣ್ಣ ಮಾತು ಕಲಿಯಲು ನನಗೆ ಅರವತ್ತು ವರ್ಷ ಬೇಕಾಯಿತು.

ಎರಡನೆಯ ನ್ಯಾಟನ್ನು ಮಾಮಾ ಅವರ ಕೈಗಿಟ್ಟು, "ನೀವು ಹೇಳಿದ್ದೇ ಖರೆ ಇತ್ರಿ ಮಾಮಾ, ತಪ್ಪಾತು" ಎಂದೆ. ಬೆರಳು ಮೂತಿಯಿಂದ ಹೊರಟು, ಗಾಜಿನ ಚೌಕಟ್ಟು ದಾಟಿ, ಗಾಳಿಬಾಯಿಯ ಅಂಚಿಗೆ ಬಂತು. ಎಲ್ಲಿಯೂ ನಿಲ್ಲಲಿಲ್ಲ. "ಹೂಂ, ಈಗ ಪಟ್ಟಿ ಕಟ್ಟಬಹುದು" ಎಂದು ನಕ್ಕರು. ಅದು ಈಗ ಅವರ ಹಾಸಿಗೆಯ ಪಕ್ಕದ ಗೂಡಿನಲ್ಲಿದೆ. ಗೋಡೆಯ ಮೇಲಿನ ಸೀಮೆಸುಣ್ಣದ ಗುರುತುಗಳನ್ನು ಅಕ್ಕ ಇನ್ನೂ ಒರೆಸಿಲ್ಲ.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಇದನ್ನು ಓದುತ್ತಿದ್ದರೆ, ಮಗೂ, ನಿನ್ನ ಉತ್ತರ ಸರಿಯಾಗಿತ್ತು. ಆ ಎರಡು ಅಂಕ ನಿನ್ನವು. ಜೇವರ್ಗಿಗೆ ಬಂದಾಗ ಮನೆಗೆ ಬಾ.