ಉಸಿರು ಕೇಳಿಸಲಿ

ಡಬ್ಲಿನ್‌ನಲ್ಲಿ ನಾನು ಹಾಡುವ ವೃಂದದಲ್ಲಿ ನರ್ಸುಗಳಿದ್ದಾರೆ, ಶಾಲೆಯ ಮೇಷ್ಟ್ರುಗಳಿದ್ದಾರೆ, ಬಸ್ಸು ಓಡಿಸುವವರೊಬ್ಬರಿದ್ದಾರೆ, ಪಿಂಚಣಿ ತಗೊಂಡು ಮನೆಯಲ್ಲಿರುವವರಿದ್ದಾರೆ. ಸಂಗೀತದಿಂದ ಹೊಟ್ಟೆ ಹೊರೆಯುವವರು ನಮ್ಮನ್ನು ನಡೆಸುವ ನಿರ್ದೇಶಕರು ಮಾತ್ರ. ಈ ವೃಂದ ಐರ್ಲೆಂಡಿನ ಹಳೆಯ ಹಾಡುಗಳದೇ ಒಂದು ಆಲ್ಬಮ್ ಮಾಡಲು ಹೊರಟಾಗ ಎಲ್ಲರಿಗೂ ಹಿಗ್ಗು. ನನಗೆ ಹಿಗ್ಗಿನ ಜೊತೆ ಅಳುಕೂ ಇತ್ತು. ಈ ಹಾಡುಗಳಲ್ಲಿ ಅತ್ಯುತ್ತಮವಾದವು ಒಂಟಿ ಗಂಟಲಿಗಾಗಿ ಹುಟ್ಟಿದವು. ಅವುಗಳನ್ನು ಮೂವತ್ತು ಜನ ಒಟ್ಟಿಗೆ ಹಾಡಬಹುದೇ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು ಅನ್ನಿಸಿತ್ತು.

ಶಾನ್-ನೋಸ್ ಎಂದು ಕರೆಯುವ ಈ ಹಾಡುಗಾರಿಕೆಗೆ ಪಕ್ಕವಾದ್ಯವಿಲ್ಲ, ಎಣಿಸಬಹುದಾದ ತಾಳವಿಲ್ಲ, ಎರಡನೆಯ ದನಿಯಿಲ್ಲ. ಕಾನೆಮಾರಾ, ಡೊನೆಗಾಲ್, ಮನ್‌ಸ್ಟರ್ ಕಡೆಯ ಐರಿಶ್ ಮಾತಾಡುವ ಊರುಗಳಲ್ಲಿ ಒಲೆಯ ಮುಂದೆ ಒಬ್ಬರು ಹಾಡುತ್ತಾರೆ, ಮಿಕ್ಕವರು ಕೇಳುತ್ತಾರೆ. ಮುಖದಲ್ಲಿ ಅಭಿನಯ ಇರುವುದಿಲ್ಲ. ಎಷ್ಟೋ ಜನ ಕಣ್ಣು ಮುಚ್ಚಿಕೊಂಡೇ ಹಾಡುತ್ತಾರೆ. ದುಃಖವೆಲ್ಲ ಸ್ವರದ ಸುತ್ತ ಹೆಣೆದುಕೊಳ್ಳುವ ಸಣ್ಣ ಸಣ್ಣ ಗಮಕಗಳಲ್ಲಿರುತ್ತದೆ, ಅವು ಚರಣದಿಂದ ಚರಣಕ್ಕೆ ಬದಲಾಗುತ್ತವೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದೂ ಹಾಡುವವರ ಮರ್ಜಿ. ಸಾಲು ಮುಗಿಯಿತು ಅಂದುಕೊಳ್ಳುವಾಗ ಮುಂದಿನ ಸಾಲಿನ ಮೊದಲ ಪದವನ್ನೂ ಸೇರಿಸಿ ಎಳೆದು, ಅಲ್ಲಿ ನಿಂತು ಉಸಿರು ಹಿಡಿಯುತ್ತಾರೆ. ಕೇಳುವವರ ಎದೆ ಅಲ್ಲಿ ಒಂದು ಕ್ಷಣ ತೂಗುತ್ತದೆ.

ವೃಂದಗಾನದಲ್ಲಿ ನಮಗೆ ಕಲಿಸುವುದು ಇದಕ್ಕೆ ತದ್ವಿರುದ್ಧ. ಪಕ್ಕದವರು ಉಸಿರೆಳೆದುಕೊಳ್ಳುವಾಗ ನೀನು ಎಳೆದುಕೊಳ್ಳಬೇಡ, ಅವರು ಮರಳಿ ಬಂದ ಮೇಲೆ ನೀನು ಸದ್ದಿಲ್ಲದೆ ಬಿಡು, ಸದ್ದಿಲ್ಲದೆ ಸೇರಿಕೋ. ಹೀಗೆ ಸರದಿಯಲ್ಲಿ ಉಸಿರಾಡಿದರೆ ದನಿ ಎಲ್ಲೂ ತುಂಡಾಗದೆ ಹರಿಯುತ್ತದೆ. ಇದು ನಿಜವಾದ ವಿದ್ಯೆ. ಕಲಿತು ಮೈಗೂಡಿಸಿಕೊಳ್ಳಲು ವರ್ಷಗಳು ಬೇಕು. ಆದರೆ ಹಾಗೆ ಹಾಡಿದಾಗ ಯಾರೊಬ್ಬರ ಉಸಿರೂ ಕೇಳಿಸುವುದಿಲ್ಲ. ಕಾನೆಮಾರಾದ ಹಾಡಿನಲ್ಲಿ ಉಸಿರೇ ಅರ್ಧ ಹಾಡು.

ಇದು ಇವತ್ತಿನ ಇಕ್ಕಟ್ಟಲ್ಲ. 1792ರ ಜುಲೈನಲ್ಲಿ ಬೆಲ್ಫಾಸ್ಟ್‌ನಲ್ಲಿ ಹಾರ್ಪ್ ನುಡಿಸುವವರ ಸಮ್ಮೇಳನ ನಡೆಯಿತು. ಬಂದವರಲ್ಲಿ ಹೆಚ್ಚಿನವರು ಕುರುಡರು, ತಲೆತಲಾಂತರದಿಂದ ಕಿವಿಯಿಂದಲೇ ಕಲಿತವರು. ತೊಂಬತ್ತು ದಾಟಿದ ಡೆನಿಸ್ ಹೆಂಪ್ಸನ್ ಉಗುರು ಬೆಳೆಸಿಕೊಂಡು ಲೋಹದ ತಂತಿ ಮೀಟುವ ಹಳೆಯ ರೀತಿಯನ್ನು ಉಳಿಸಿಕೊಂಡಿದ್ದರು. ಅವರು ನುಡಿಸಿದ್ದನ್ನು ಬರೆದಿಡುವ ಕೆಲಸ 19 ವರ್ಷದ ಎಡ್ವರ್ಡ್ ಬಂಟಿಂಗ್‌ನದು. ಆತ ಬರೆಯದಿದ್ದರೆ ಆ ಧಾಟಿಗಳಲ್ಲಿ ಬಹುಪಾಲು ಅವರ ಜೊತೆಗೇ ಮಣ್ಣಾಗುತ್ತಿದ್ದವು. ಆದರೆ 1796ರಲ್ಲಿ ಅಚ್ಚಾಗುವಾಗ ಅವು ಪಿಯಾನೋ ಮುಂದೆ ಕೂರುವವರಿಗೆ ಹೊಂದುವಂತೆ ಬಂದವು. ಉಳಿಸುವ ಕೈಯೇ ತಿದ್ದುತ್ತದೆ. ನಾನು ಬಂಟಿಂಗ್‌ನನ್ನು ದೂರುವುದಿಲ್ಲ, ಆತನಿಗೆ ಕೃತಜ್ಞಳು.

ಬಹುದನಿಯಲ್ಲಿ ಹಾಡುವ ರೂಢಿ ಈ ನಾಡಿನ ಜನಪದಕ್ಕೆ ಬಂದದ್ದು ತೀರ ಈಚೆಗೆ. ವಾಯ್ಸ್ ಸ್ಕ್ವಾಡ್ ಎಂಬ ಮೂವರ ತಂಡ 1980ರ ದಶಕದಲ್ಲಿ ಹಳೆಯ ಹಾಡುಗಳನ್ನು ಮೂರು ದನಿಯಲ್ಲಿ ಹಾಡಿ ಧ್ವನಿಮುದ್ರಿಸಿತು. ವಾದ್ಯದ ಸೋಂಕಿಲ್ಲದ ಆ ಹಾಡುಗಳನ್ನು ನಾನು ಈಗಲೂ ರಾತ್ರಿ ಪಾಳಿ ಮುಗಿಸಿ ಬರುವಾಗ ಕೇಳುತ್ತೇನೆ. 1987ರಲ್ಲಿ ಮೈಕೆಲ್ ಮೆಗ್ಲಿನ್ ಡಬ್ಲಿನ್‌ನಲ್ಲಿ ಕಟ್ಟಿದ ವೃಂದ ಮುಂದೆ ಅನೂನಾ ಎಂದು ಹೆಸರಾಯಿತು. 1994ರ ಏಪ್ರಿಲ್ 30ರಂದು ಯೂರೋವಿಷನ್ ಸ್ಪರ್ಧೆಯ ಬಿಡುವಿನಲ್ಲಿ ರಿವರ್‌ಡ್ಯಾನ್ಸ್ ಮೊದಲ ಬಾರಿಗೆ ಪ್ರದರ್ಶನವಾದಾಗ, ಕುಣಿತ ಶುರುವಾಗುವ ಮೊದಲು ಹಾಡಿದವರು ಅವರೇ. ಐರಿಶ್ ವೃಂದವೆಂದರೆ ಹೀಗಿರಬೇಕು ಎಂಬ ಕಲ್ಪನೆಯೇ ಅಲ್ಲಿಂದ ಜಗತ್ತಿಗೆ ಹರಡಿತು.

ನಮ್ಮ ಆಲ್ಬಮ್‌ಗೆ ಆರಿಸಿದ ಹಾಡುಗಳಲ್ಲಿ ಕೆಲವು ಗುಂಪಿಗೆ ಸಲೀಸಾಗಿ ಒಗ್ಗಿದವು. 'ಮೊ ಗಿಲೆ ಮಾರ್' ಅಂಥದ್ದು. ಹದಿನೆಂಟನೆಯ ಶತಮಾನದ ಕವಿ ಶಾನ್ ಕ್ಲಾರಖ್ ಮಕ್‌ಡೋನಲ್‌ನ ಪದ್ಯಗಳಿಂದ ಆಯ್ದು ಕೂಲೇ ಎಂಬ ಹಳ್ಳಿಯಲ್ಲಿ 1970ರ ದಶಕದಲ್ಲಿ ಈಗಿನ ರೂಪ ಪಡೆದ ಹಾಡು. ಪಲ್ಲವಿ ಬಂದಾಗ ಯಾರೂ ಸುಮ್ಮನಿರಲಾರರು. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ನಮ್ಮೆಲ್ಲರನ್ನೂ ಕಾಡಿದ್ದು 'ಔರಾನ್ ವೀನ್ಶ', ಅಂದರೆ ಮ್ವೀನಿಶ್‌ನ ಹಾಡು. ಮ್ವೀನಿಶ್ ಕಾನೆಮಾರಾದ ಕಾರ್ನಾ ಊರಿನ ಹತ್ತಿರದ ಪುಟ್ಟ ದ್ವೀಪ. ಅದೇ ಕಾರ್ನಾ ಸೀಮೆಯಲ್ಲಿ 1919ರಲ್ಲಿ ಹುಟ್ಟಿದ ಜೋ ಹೀನಿ ಈ ಹಾಡನ್ನು ಹಾಡಿ ದೂರದೂರದವರಿಗೆ ಮುಟ್ಟಿಸಿದರು. ಆತ 1984ರಲ್ಲಿ ತೀರಿಕೊಂಡದ್ದು ಅಮೆರಿಕದ ಸಿಯಾಟಲ್‌ನಲ್ಲಿ. ಹಾಡಿನಲ್ಲಿ ಮಾತಾಡುವವಳು ಸಾವು ಸಮೀಪಿಸಿದ ಮುದುಕಿ. ಬಾಳಿದ್ದು ಬೇರೆಡೆ, ಆದರೆ ತನ್ನನ್ನು ಪಶ್ಚಿಮಕ್ಕೆ, ಮ್ವೀನಿಶ್‌ಗೆ ಒಯ್ದು ತನ್ನವರ ನಡುವೆ ಮಣ್ಣು ಮಾಡಿರೆಂದು ಮನೆಯವರನ್ನು ಕೇಳಿಕೊಳ್ಳುತ್ತಾಳೆ. ಅಲ್ಲಾದರೆ ತನಗೆ ಒಂಟಿತನವಿಲ್ಲ ಎನ್ನುತ್ತಾಳೆ.

ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ 'ಗರತಿಯ ಹಾಡು' ನಮ್ಮ ಮನೆಯಲ್ಲಿ ದೇವರ ಗೂಡಿನ ಪಕ್ಕ ಇರುತ್ತಿತ್ತು. ತವರಿನ ತ್ರಿಪದಿಗಳನ್ನು ಅಜ್ಜಿ ಪುಸ್ತಕ ತೆರೆಯದೆಯೇ ಹಾಡುತ್ತಿದ್ದಳು. ಮದುವೆಯಾಗಿ ಅರವತ್ತು ವರ್ಷ ಕಳೆದಿದ್ದರೂ ತವರಿನ ದಾರಿಯ ಮಾತು ಬಂದರೆ ಅವಳ ದನಿ ಸಣ್ಣದಾಗುತ್ತಿತ್ತು. ಹಾಗಾಗಿ ಮ್ವೀನಿಶ್‌ನ ಮುದುಕಿ ಏನು ಕೇಳುತ್ತಿದ್ದಾಳೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಹಾಡನ್ನು ಕಲಿಸಲು ಕಾನೆಮಾರಾದಿಂದ ಒಬ್ಬ ಹಿರಿಯ ಹೆಂಗಸು ಬಂದರು. ಕಾಗದ ತರಲಿಲ್ಲ. ಒಂದು ಸಾಲು ಹಾಡುವುದು, ನಾವು ಹಿಂದೆ ಹಾಡುವುದು. ನಮ್ಮ ಡಬ್ಲಿನ್ ಗೆಳೆಯರು ಶಾಲೆಯಲ್ಲಿ ಐರಿಶ್ ಓದಿದವರೇ, ಆದರೂ ಅವರ ನಾಲಗೆಯಲ್ಲಿ ಇಂಗ್ಲಿಷಿನ ಟಕಾರ ಕೂತುಬಿಟ್ಟಿದೆ. ಆಕೆಯ ಬಾಯಲ್ಲಿ ಅದು ಹಲ್ಲಿಗೆ ತಾಗುವ ತಕಾರ, ಅಚ್ಚ ನಮ್ಮ ತಕಾರ. ನಾನು ಸ್ವರಲಿಪಿಯ ಮೇಲೆ ಸೀಸದ ಕಡ್ಡಿಯಲ್ಲಿ ಕನ್ನಡ ಅಕ್ಷರದಲ್ಲೇ ಪದಗಳನ್ನು ಬರೆದುಕೊಂಡಿದ್ದೆ. ಆಕೆ ಬಗ್ಗಿ ನೋಡಿ, ಇದು ಯಾವ ಬರಹ ಎಂದು ಕೇಳಿ, ನನ್ನಿಂದ ಒಂದು ಸಾಲು ಓದಿಸಿ, “ಹಾಗೇ ಇಟ್ಟುಕೊಳ್ಳಿ, ಅದರಲ್ಲಿ ಸರಿಯಾಗಿ ಬರುತ್ತಿದೆ” ಎಂದರು. ಅವತ್ತು ನನಗಾದ ಸಂತೋಷ ಸಣ್ಣದಲ್ಲ. 2022ರ ಜನಗಣತಿಯಲ್ಲಿ ಐರಿಶ್ ಬಲ್ಲೆವೆಂದವರು ಹದಿನೆಂಟು ಲಕ್ಷಕ್ಕೂ ಹೆಚ್ಚು. ಶಾಲೆಯ ಹೊರಗೆ ದಿನವೂ ಮಾತಾಡುವವರು ಸುಮಾರು 72 ಸಾವಿರ. ಇಂಥ ನುಡಿಯ ಒಂದು ತಕಾರ ಸರಿಯಾಗಿ ಧ್ವನಿಮುದ್ರಣವಾಗುವುದು ನನ್ನ ಪಾಲಿಗೆ ದೊಡ್ಡ ಸಂಗತಿ.

ಹಾಡಿಗೆ ಸ್ವರಮೇಳ ಕೂಡಿಸುವಾಗ ನಿರ್ದೇಶಕರು ಮೊದಲು ನಾಲ್ಕು ದನಿಗೂ ಬೇರೆ ಬೇರೆ ಎಳೆ ಬರೆದಿದ್ದರು. ಸೊಗಸಾಗಿಯೇ ಇತ್ತು. ಆದರೆ ಸ್ವರಮೇಳ ನಡೆಯಬೇಕಾದರೆ ಎಲ್ಲರೂ ಒಂದೇ ಗಳಿಗೆಯಲ್ಲಿ ಸ್ವರ ಬದಲಿಸಬೇಕು, ಅದಕ್ಕೆ ಲೆಕ್ಕ ಬೇಕು. ಲೆಕ್ಕ ಬಂದ ಕೂಡಲೇ ಮುದುಕಿ ಹಾಡಿನಿಂದ ಎದ್ದುಹೋದಳು. ಆಗ ನಿರ್ದೇಶಕರು ಶಾನ್ ಓ ರಿಯಾದನ ಮಾತೆತ್ತಿದರು. 1962ರಲ್ಲಿ ಐರಿಶ್ ರೇಡಿಯೊದಲ್ಲಿ ಮಾಡಿದ ಉಪನ್ಯಾಸಮಾಲೆಯಲ್ಲಿ ಓ ರಿಯಾದ, ಐರಿಶ್ ಸಂಗೀತವನ್ನು ಯುರೋಪಿನ ಸಂಗೀತವೆಂದು ಕೇಳಬೇಡಿ, ಅದರ ಚಲನೆ ಪೂರ್ವದೇಶಗಳ ಸಂಗೀತಕ್ಕೆ ಹತ್ತಿರ ಎಂದು ವಾದಿಸಿದ್ದರು. ಅದೇ ಓ ರಿಯಾದ 1964ರಲ್ಲಿ ಕೂಲೇ ಹಳ್ಳಿಯ ಗಂಡಸರನ್ನು ಸೇರಿಸಿ ವೃಂದವೊಂದನ್ನು ಕಟ್ಟಿದವರು. ಒಂಟಿ ಹಾಡಿನ ಮರ್ಮ ಬಲ್ಲವರೇ ಗುಂಪನ್ನೂ ಕಟ್ಟಿದ್ದರು ಎನ್ನುವುದು ನನಗೆ ಧೈರ್ಯ ಕೊಟ್ಟಿತು.

ಶ್ರುತಿ ಹಿಡಿಯೋಣವೇ ಎಂದು ನಾನು ಕೇಳಿದೆ. ತಂಬೂರಿಯಂತೆ ಷಡ್ಜ ಪಂಚಮವಷ್ಟೇ, ಬಾಯಿ ಅರೆತೆರೆದ ಊಕಾರದಲ್ಲಿ. ಹಾಡು ಕಲಿಸಿದ ಆ ಹಿರಿಯರೊಬ್ಬರೇ ತಮ್ಮ ಮರ್ಜಿಯಂತೆ ಹಾಡಲಿ, ನಾವು ಕೆಳಗೆ ನೆಲವಾಗಿರೋಣ. ನಾಲ್ಕು ಎಳೆಯ ಹಾಳೆಗಳನ್ನು ನಿರ್ದೇಶಕರು ಅವತ್ತೇ ಬದಿಗಿಟ್ಟರು. ಅಷ್ಟು ದಿನದ ದುಡಿಮೆಯನ್ನು ಒಂದು ಹಾಡಿನ ಹಿತಕ್ಕಾಗಿ ಹಾಗೆ ಬಿಟ್ಟುಕೊಡುವವರನ್ನು ಕಂಡರೆ ನನಗೆ ಗೌರವ.

ಈ ನಾಡಿಗೂ ನಮಗೂ ಸಂಗೀತದ ನಂಟು ಹೊಸದಲ್ಲ. ರಾಸ್ಕಾಮನ್ ಜಿಲ್ಲೆಯ ಬಾಯ್ಲ್ ಊರಿನ ಮಾರ್ಗರೆಟ್ ಕಸಿನ್ಸ್ ಸಂಗೀತದ ಪದವಿ ಪಡೆದವರು. 1919ರಲ್ಲಿ ಮದನಪಲ್ಲಿಯ ಕಾಲೇಜಿನಲ್ಲಿ ಟಾಗೋರರ ಬಾಯಿಂದ ಕೇಳಿ 'ಜನ ಗಣ ಮನ'ದ ಸ್ವರಲಿಪಿ ಬರೆದಿಟ್ಟವರು ಅವರು. ಅವರ ಯಜಮಾನರು, ಕವಿ ಜೇಮ್ಸ್ ಕಸಿನ್ಸ್, ಕನ್ನಡಿಗರಿಗೆ ಇನ್ನೂ ಹತ್ತಿರದವರು. ಇಂಗ್ಲಿಷ್ ಪದ್ಯಗಳನ್ನು ಹಿಡಿದು ಮೈಸೂರಿನಲ್ಲಿ ತಮ್ಮನ್ನು ಕಾಣಲು ಬಂದ, ಮುಂದೆ ಕುವೆಂಪು ಆದ ಹುಡುಗ ಪುಟ್ಟಪ್ಪನಿಗೆ 1924ರಲ್ಲಿ ನಿಮ್ಮ ನುಡಿಯಲ್ಲಿ ಬರೆಯಿರಿ ಎಂದವರು. ತಾಯ್ನುಡಿ ಕೈತಪ್ಪಿಹೋಗುವುದೆಂದರೇನು ಎಂದು ಬಲ್ಲ ನಾಡಿನಿಂದ ಬಂದವರ ಮಾತು ಅದು. ಡಬ್ಲಿನ್‌ನ ಗೆಳೆಯರಿಗೆ ಇದನ್ನು ಹೇಳಿದಾಗ ಅವರಿಗೆ ಕುವೆಂಪು ಯಾರೆಂದು ತಿಳಿಯುವ ಆಸೆಯಾಯಿತು. ಒಂದು ಸಂಜೆಯ ಚಹಾ ಪೂರ್ತಿ ಅದರಲ್ಲೇ ಕಳೆಯಿತು.

ಧ್ವನಿಮುದ್ರಣ ನಡೆದದ್ದು ಕಲ್ಲಿನ ಹಳೆಯ ಚರ್ಚೊಂದರಲ್ಲಿ, ಚಳಿಗಾಲದಲ್ಲಿ. ಬಿಸಿನೀರಿನ ಕೊಳವೆಗಳು ಟಕಟಕ ಅನ್ನುತ್ತವೆಂದು ಹೀಟರ್ ಆರಿಸಿದ್ದರು. ಸರಸರ ಅನ್ನುವ ಜಾಕೆಟ್ ಹಾಕುವಂತಿಲ್ಲ, ಉಣ್ಣೆಯ ಸ್ವೆಟರೇ ಗತಿ. ಬೂಟು ಕಳಚಿ ದಪ್ಪ ಕಾಲುಚೀಲದಲ್ಲಿ ಕಲ್ಲು ನೆಲದ ಮೇಲೆ ನಿಂತೆವು. ಹಾಳೆ ತಿರುವಿದರೆ ಕೇಳಿಸುತ್ತದೆಂದು ಹಾಳೆಗಳನ್ನು ಬಿಡಿಬಿಡಿಯಾಗಿ ಹರಡಿಕೊಂಡಿದ್ದೆವು. ನಿರ್ದೇಶಕರ ತಲೆಯ ಮೇಲೆ ಎರಡು ಮೈಕು, ಕಾನೆಮಾರಾದ ಹಿರಿಯರ ಮುಂದೆ ಒಂದು. ಚರ್ಚಿನ ಗೋಡೆಗಳು ದನಿಯನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ಹಾಡು ಮುಗಿದ ಮೇಲೂ ಅದು ಪೂರ್ತಿ ಅಡಗುವವರೆಗೆ ಯಾರೂ ಕದಲಬಾರದು. ಡಬ್ಲಿನ್‌ನ ಕಡಲಹಕ್ಕಿಗಳಿಗೆ ಈ ನಿಯಮ ಗೊತ್ತಿಲ್ಲ. ಅವು ಚಾವಣಿಯ ಮೇಲೆ ಕೂಗಿದಾಗಲೆಲ್ಲ ಮತ್ತೆ ಮೊದಲಿನಿಂದ.

ವಾದ್ಯವಿಲ್ಲದೆ ಹಾಡುವ ಗುಂಪಿಗೆ ಶ್ರುತಿ ಇಳಿಯುವ ಭಯ ಯಾವಾಗಲೂ ಇರುತ್ತದೆ. ದಣಿದಷ್ಟೂ ಇಳಿಯುತ್ತದೆ, ಚಳಿಯಲ್ಲಿ ಇನ್ನೂ ಬೇಗ. ಕೂದಲೆಳೆಯಷ್ಟು ಇಳಿದರೂ ಬೇರೆ ಬೇರೆ ಸಲ ಹಾಡಿದ್ದನ್ನು ಜೋಡಿಸಲಾಗದು. ಪ್ರತಿ ಸಲವೂ ನಿರ್ದೇಶಕರು ಶ್ರುತಿಕವೆಯನ್ನು ಮೊಣಕಾಲಿಗೆ ತಟ್ಟಿ ಕಿವಿಯ ಹತ್ತಿರ ಹಿಡಿದು ಗುನುಗುತ್ತಿದ್ದರು, ನಾವು ಅದನ್ನು ಬಾಯಿಂದ ಬಾಯಿಗೆ ದಾಟಿಸುತ್ತಿದ್ದೆವು.

ಎಲ್ಲ ಸಿದ್ಧವಾಗಿದ್ದರೂ ಆಕೆಗೆ ಹಾಡಲು ಬರಲಿಲ್ಲ. ದನಿ ಸರಿಯಾಗಿತ್ತು, ಜೀವ ಬರುತ್ತಿರಲಿಲ್ಲ. ಮೈಕಿಗೆ ಯಾರು ಹಾಡುತ್ತಾರೆ ಎಂದರು. ಅವರ ಊರಲ್ಲಿ ಹಾಡು ಕಾವೇರಿದಾಗ ಕೇಳುವವರು ನಡುನಡುವೆ ಹುರಿದುಂಬಿಸುತ್ತಾರೆ, ಒಮ್ಮೊಮ್ಮೆ ಒಬ್ಬರು ಬಂದು ಹಾಡುವವರ ಕೈ ಹಿಡಿದು ಹಾಡಿನ ಓಟಕ್ಕೆ ತಕ್ಕಂತೆ ಮೆಲ್ಲಗೆ ತಿರುವುತ್ತಾರೆ. ನಮ್ಮ ಬೇಸ್ ಸಾಲಿನ ನಿವೃತ್ತ ಮೇಷ್ಟ್ರೊಬ್ಬರು ಬಾಲ್ಯದ ಬೇಸಿಗೆಗಳನ್ನು ಕಾನೆಮಾರಾದಲ್ಲಿ ಕಳೆದವರು. ಅವರು ಸಾಲು ಬಿಟ್ಟು ಮುಂದೆ ಹೋಗಿ ಆಕೆಯ ಬಲಗೈ ಹಿಡಿದರು. ಎರಡು ಮುದಿ ಕೈಗಳು ಹಾಡಿನುದ್ದಕ್ಕೂ ನಿಧಾನವಾಗಿ ಸುತ್ತುತ್ತಿದ್ದವು, ಆಕೆಯ ಬೆರಳ ಗಿಣ್ಣುಗಳು ಬಿಗಿದು ಸಡಿಲುತ್ತಿದ್ದವು. ನಾವು ಶ್ರುತಿ ಹಿಡಿದವರು ನಿರ್ದೇಶಕರನ್ನು ಬಿಟ್ಟು ಆ ಕೈಗಳನ್ನೇ ನೋಡುತ್ತಿದ್ದೆವು. ಉಸಿರು ಎಲ್ಲಿ ಬರುತ್ತದೆಂದು ಅವು ಮುಂಚೆಯೇ ಹೇಳುತ್ತಿದ್ದವು. ಕೊನೆಯ ಸಾಲಿನ ಕಡೆಯ ಪದಗಳನ್ನು ಆಕೆ ಹಾಡದೆ ಮಾತಿನಂತೆ ಹೇಳಿ ಮುಗಿಸಿದರು. ಹಾಗೆ ಹಾಡಿನಿಂದ ಮಾತಿಗೆ ಇಳಿದು ಮುಗಿಸುವುದು ಅಲ್ಲಿಯ ಹಳೆಯ ಹಾಡುಗಾರರ ವಾಡಿಕೆ.

ಎಡಿಟ್ ಆಗಿ ಬಂದ ಮೊದಲ ಪ್ರತಿಯಲ್ಲಿ ಉಸಿರುಗಳಿರಲಿಲ್ಲ. ತಂತ್ರಜ್ಞರು ತಮ್ಮ ಕಸುಬಿನ ಪ್ರಕಾರ ಅವನ್ನು ಒರೆಸಿದ್ದರು, ಕೊನೆಯ ಮಾತನ್ನೂ ತಗ್ಗಿಸಿದ್ದರು. ಕೇಳಲು ನುಣುಪಾಗಿತ್ತು, ಆದರೆ ಆ ಮುದುಕಿಗೆ ಸಾಯುವ ವಯಸ್ಸಾದಂತೆ ಕಾಣುತ್ತಿರಲಿಲ್ಲ. ಒಂದೊಂದು ಉಸಿರನ್ನೂ ಅದರ ಜಾಗಕ್ಕೆ ತಂದಿಡಿ ಎಂದು ನಿರ್ದೇಶಕರು ಕೂತು ಕೆಲಸ ಮಾಡಿಸಿದರು. ಮೂರನೆಯ ಚರಣದ ನಡುವೆ, ದ್ವೀಪದ ಹೆಸರು ಬರುವ ಮುಂಚೆ, ಆಕೆ ಎಳೆದುಕೊಂಡ ಉಸಿರು ಕೊಂಚ ಒರಟು. ಅದು ಈಗ ಆಲ್ಬಮ್‌ನಲ್ಲಿದೆ. ಇಡೀ ಆಲ್ಬಮ್‌ನಲ್ಲಿ ನನಗೆ ಅತ್ಯಂತ ಪ್ರಿಯವಾದ ಸದ್ದು ಅದೇ.

ಜೊತೆಗೆ ಕೊಡುವ ಕಿರುಪುಸ್ತಕದ ಬಗ್ಗೆ ಕೊನೆಯ ಚರ್ಚೆ ನಡೆಯಿತು. ಇಂಥ ಆಲ್ಬಮ್‌ಗಳಲ್ಲಿ ಹಾಡಿನ ಕೆಳಗೆ 'ಸಾಂಪ್ರದಾಯಿಕ' ಎಂದು ಹಾಕಿ, ಪಕ್ಕದಲ್ಲಿ ಸಂಯೋಜಕರ ಹೆಸರು ಹಾಕುವುದು ರೂಢಿ. ರಾಯಲ್ಟಿಯೂ ಸಂಯೋಜನೆಗೇ ಸಲ್ಲುತ್ತದೆ. ಹಾಡನ್ನು ಕಾಪಾಡಿದವರು ಆ ಒಂದು ಪದದೊಳಗೆ ಕರಗಿಹೋಗುತ್ತಾರೆ. ಆದರೆ ಊರಿನ ಹಾಡುಗಾರರು ಹಾಡುವ ಮೊದಲು ಇದು ಇಂಥವರಿಂದ ನನಗೆ ಬಂತು ಎಂದು ಹೇಳಿಯೇ ಹಾಡುತ್ತಾರೆ. ನಾವೂ ಹಾಗೇ ಅಚ್ಚು ಹಾಕಬೇಕೆಂದು ಹಲವರು ಪಟ್ಟು ಹಿಡಿದೆವು. ಆಕೆ ಫೋನಿನಲ್ಲಿ ಒಂದೊಂದೇ ಹೆಸರು ಹೇಳಿದರು, ಮೇಷ್ಟ್ರು ಬರೆದುಕೊಂಡರು: ತಾಯಿ, ತಾಯಿಯ ಚಿಕ್ಕಮ್ಮ, ಆ ಚಿಕ್ಕಮ್ಮನ ನೆರೆಮನೆಯ ಬೆಸ್ತ. ಒಬ್ಬೊಬ್ಬರ ಊರೂ ಬೇಕು ಎಂದರು. ಅಚ್ಚಿನವರು ಜಾಗ ಸಾಲದೆಂದಾಗ ನಮ್ಮ ವೃಂದದ ಚಿತ್ರವನ್ನು ಸಣ್ಣದು ಮಾಡಿಸಿದೆವು. ಹೆಸರುಗಳೆಲ್ಲ ಬಂದಿವೆ, ಊರುಗಳ ಸಮೇತ. ಸಂಯೋಜಕರ ಹೆಸರು ಅವುಗಳ ಕೆಳಗಿದೆ.